ಸಣ್ಣ ಕಚೇರಿಯ ಸರ್ವರಿನಲ್ಲಿ ಡಿಎನ್‌ಎಸ್ ಫಾರ್ವರ್ಡಿಂಗ್

ಡಿಎನ್‌ಎಸ್ ಫಾರ್ವರ್ಡಿಂಗ್: ಕಚೇರಿಯ ಕಂಪ್ಯೂಟರುಗಳು ಕೇಳುವ ಹೆಸರುಗಳಲ್ಲಿ ತನಗೆ ಗೊತ್ತಿರುವುದಕ್ಕೆ ತಾನೇ ಉತ್ತರ ಕೊಟ್ಟು, ಗೊತ್ತಿಲ್ಲದ್ದನ್ನು ಹೊರಗಿನ ಇನ್ನೊಂದು ಸರ್ವರಿಗೆ ದಾಟಿಸಿ, ಅಲ್ಲಿಂದ ಬಂದ ಉತ್ತರವನ್ನು ಕೇಳಿದವರಿಗೆ ತಲುಪಿಸುವ ಏರ್ಪಾಡು. ಡಿಎನ್‌ಎಸ್, ಅಂದರೆ ಡೊಮೇನ್ ನೇಮ್ ಸಿಸ್ಟಮ್, ನಾವು ನೆನಪಿಟ್ಟುಕೊಳ್ಳುವ ಹೆಸರಿಗೆ ಯಂತ್ರಗಳಿಗೆ ಬೇಕಾದ ಐಪಿ ವಿಳಾಸವನ್ನು ಹುಡುಕಿಕೊಡುತ್ತದೆ. ಹತ್ತು ಹದಿನೈದು ಕಂಪ್ಯೂಟರ್, ಎರಡು ಪ್ರಿಂಟರ್, ಲೆಕ್ಕಪತ್ರದ ಕಡತಗಳಿರುವ ಒಂದು ಸರ್ವರ್, ಗೋಡೆಗೆ ಹೊಡೆದ ಒಂದು ರೌಟರ್ ಇಷ್ಟೇ ಇರುವ ಕಚೇರಿಯಲ್ಲಿ ಇದನ್ನು ಕೂರಿಸಲು ಅರ್ಧ ಗಂಟೆ ಸಾಕು. ಆದರೆ ಯಾವ ಹೆಸರಿಗೆ ಯಾರು ಉತ್ತರ ಕೊಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸದೆ ಕೂರಿಸಿದರೆ ಆ ಅರ್ಧ ಗಂಟೆಯ ಕೆಲಸ ವರ್ಷಗಟ್ಟಲೆ ಕಾಡುತ್ತದೆ. ‘ಇಂಟರ್‌ನೆಟ್ ನಿಧಾನ’, ‘ಪ್ರಿಂಟರ್ ಸಿಗುತ್ತಿಲ್ಲ’, ‘ಲಾಗಿನ್ ಆಗಲು ಐದು ನಿಮಿಷ’ ಎಂಬ ದೂರುಗಳಲ್ಲಿ ಎಷ್ಟೋ ಈ ತೀರ್ಮಾನವಾಗದ ಪ್ರಶ್ನೆಯಿಂದಲೇ ಹುಟ್ಟಿದವು.

ಫಾರ್ವರ್ಡ್ ಎಂಬುದಕ್ಕೆ ಕನ್ನಡದಲ್ಲಿ ಸಲೀಸಾದ ಮಾತು ಇನ್ನೂ ಕೂತಿಲ್ಲ. ‘ಮುಂದೂಡು’ ಎಂದರೆ ಪರೀಕ್ಷೆಯನ್ನೋ ಮದುವೆಯನ್ನೋ ತಡ ಮಾಡಿದ ಅರ್ಥ ಬರುತ್ತದೆ; ಇಲ್ಲಿ ಆಗುವ ಕೆಲಸ ಅದಕ್ಕೆ ತದ್ವಿರುದ್ಧ. ಕೆಲಸ ಮಾಡುವವರು ‘ಫಾರ್ವರ್ಡ್ ಮಾಡು’ ಎಂದೇ ಹೇಳುತ್ತಾರೆ. ಈ ಲೇಖನದಲ್ಲಿ ಆ ಮಾತಿನ ಜೊತೆಗೆ ‘ದಾಟಿಸು’ ಎಂಬುದನ್ನೂ ಬಳಸಿದೆ. ಇಂಗ್ಲಿಷಿನಲ್ಲೂ ‘ಫಾರ್ವರ್ಡರ್’ ಪದಕ್ಕೆ ಗೊಂದಲ ಅಂಟಿಕೊಂಡೇ ಇದೆ: ಕೆಲವರು ಪ್ರಶ್ನೆಯನ್ನು ದಾಟಿಸುವ ಸರ್ವರನ್ನು, ಕೆಲವರು ದಾಟಿಸಿದ ಪ್ರಶ್ನೆಯನ್ನು ಪಡೆಯುವ ಸರ್ವರನ್ನು ಆ ಹೆಸರಿನಿಂದ ಕರೆಯುತ್ತಾರೆ. ಸರ್ವರ್ ತಂತ್ರಾಂಶಗಳ ಸೆಟ್ಟಿಂಗಿನಲ್ಲಿ ಕಾಣುವುದು ಎರಡನೆಯ ಅರ್ಥ. ಅಲ್ಲಿ ಫಾರ್ವರ್ಡರ್ ಎಂದರೆ ಹೊರಗಿನವನು, ನಾವು ಯಾರನ್ನು ಕೇಳುತ್ತೇವೋ ಅವನು.

ಹಿನ್ನೆಲೆ

1970ರ ದಶಕದಲ್ಲಿ ಅಮೆರಿಕದ ಅರ್ಪಾನೆಟ್ ಜಾಲದ ಯಂತ್ರಗಳ ಹೆಸರೆಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ತಿದ್ದಿ ಇಡುತ್ತಿತ್ತು. ಉಳಿದವರು ಆಗಾಗ ಇಳಿಸಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಒಂದು ಕಡತ ಎಲ್ಲರಿಗೂ ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಹೆಸರುಗಳನ್ನು ಮರದಂತೆ ಕವಲೊಡೆಸಿ, ಒಂದೊಂದು ಕೊಂಬೆಯ ಜವಾಬ್ದಾರಿಯನ್ನು ಒಬ್ಬೊಬ್ಬರಿಗೆ ಹಂಚುವ ಡಿಎನ್‌ಎಸ್ ವಿನ್ಯಾಸವನ್ನು ಪ್ರಕಟಿಸಿದರು. 1987ರ ನವೆಂಬರಿನಲ್ಲಿ ಬಂದ, ಆರ್‌ಎಫ್‌ಸಿ ಎಂಬ ಇಂಟರ್‌ನೆಟ್ ದಾಖಲೆಮಾಲೆಯ 1034 ಮತ್ತು 1035 ಇವತ್ತಿಗೂ ಇದರ ಮೂಲ ದಾಖಲೆಗಳು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು 1984ರಲ್ಲಿ ಬರೆದ ಬೈಂಡ್ ತಂತ್ರಾಂಶ ಈ ವ್ಯವಸ್ಥೆಯನ್ನು ಯೂನಿಕ್ಸ್ ಲೋಕಕ್ಕೆ ಹರಡಿತು.

ಪ್ರತಿ ಯಂತ್ರವೂ ಮರವನ್ನು ಬುಡದಿಂದ ಹತ್ತಬೇಕಿಲ್ಲ, ಹತ್ತಿರದ ಒಂದು ಸರ್ವರ್ ಎಲ್ಲರ ಪರವಾಗಿ ಹತ್ತಿ ಸಿಕ್ಕಿದ್ದನ್ನು ನೆನಪಿಟ್ಟುಕೊಳ್ಳಬಹುದು ಎಂಬ ವಿಚಾರ ಆ ಮೂಲ ದಾಖಲೆಗಳಲ್ಲೇ ಇದೆ. ಹೊರಜಾಲಕ್ಕೆ ನೇರ ಸಂಪರ್ಕವಿಲ್ಲದ, ಫೈರ್‌ವಾಲ್ ಹಿಂದಿನ ಸರ್ವರುಗಳಿಗೆ ಆ ಹತ್ತುವ ಕೆಲಸವನ್ನೂ ಇನ್ನೊಬ್ಬರಿಗೆ ಒಪ್ಪಿಸುವ ಅನುಕೂಲ ಬೇಕಾಯಿತು. ಬೈಂಡಿನ ಹಳೆಯ ಆವೃತ್ತಿಗಳಲ್ಲೇ ‘ಫಾರ್ವರ್ಡರ್ಸ್’ ಎಂಬ ಸಾಲು ಕಾಣಿಸಿಕೊಂಡದ್ದು ಹೀಗೆ.

ಒಂದು ಪ್ರಶ್ನೆಯ ದಾರಿ

ತಿಂಗಳ 20ನೇ ತಾರೀಖು ಹತ್ತಿರ ಬಂದಿದೆ, ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಹನ್ನೆರಡು ಜನ ಬೆಳಗ್ಗೆ ಹತ್ತಕ್ಕೆ ಜಿಎಸ್‌ಟಿ ಜಾಲತಾಣ ತೆರೆಯುತ್ತಾರೆ ಎಂದಿಟ್ಟುಕೊಳ್ಳಿ. ಮೊದಲು ಕೂತವರ ಬ್ರೌಸರ್ ‘ಜಿಎಸ್‌ಟಿ ಡಾಟ್ ಗವ್ ಡಾಟ್ ಇನ್’ ಎಲ್ಲಿದೆ ಎಂದು ಕಚೇರಿಯ ಸರ್ವರನ್ನು ಕೇಳುತ್ತದೆ. ಪ್ರಶ್ನೆ ಸಾಮಾನ್ಯವಾಗಿ ಯುಡಿಪಿ 53ನೇ ಪೋರ್ಟಿನಲ್ಲಿ ಹೋಗುವ ಒಂದು ಪುಟ್ಟ ಪ್ಯಾಕೆಟ್. ಸರ್ವರಿಗೆ ಉತ್ತರ ಗೊತ್ತಿಲ್ಲ. ಫಾರ್ವರ್ಡಿಂಗ್ ಇಲ್ಲದಿದ್ದರೆ ಅದು ಮರವನ್ನು ತಾನೇ ಹತ್ತಬೇಕು: ಹೆಸರನ್ನು ಬಲದಿಂದ ಎಡಕ್ಕೆ ಓದುತ್ತಾ, ಮೊದಲು ಎ ಇಂದ ಎಂ ವರೆಗಿನ 13 ಹೆಸರುಗಳಲ್ಲಿ ನಿಂತಿರುವ ಮೂಲ ಸರ್ವರುಗಳಲ್ಲಿ ಒಂದನ್ನು ಕೇಳಿ, ಅದು ತೋರಿಸಿದ ‘ಇನ್’ ಸರ್ವರಿಗೆ ಹೋಗಿ, ಅಲ್ಲಿಂದ ‘ಗವ್ ಡಾಟ್ ಇನ್’ ನೋಡಿಕೊಳ್ಳುವವರ ಬಳಿಗೆ, ಕೊನೆಗೆ ಆ ಹೆಸರಿನ ಅಧಿಕೃತ ಸರ್ವರಿಗೆ. ಫಾರ್ವರ್ಡಿಂಗ್ ಇದ್ದರೆ ಇಷ್ಟೂ ಓಡಾಟವನ್ನು ಹೊರಗಿನ ದೊಡ್ಡ ರಿಸಾಲ್ವರಿಗೆ, ಅಂದರೆ ಕೇಳಿದವರ ಪರವಾಗಿ ಮರ ಹತ್ತುವ ಸರ್ವರಿಗೆ, ವಹಿಸಿ ನಮ್ಮ ಸರ್ವರ್ ಒಂದೇ ಪ್ರಶ್ನೆ ಕೇಳಿ ಕಾಯುತ್ತದೆ. ಆ ದೊಡ್ಡ ರಿಸಾಲ್ವರನ್ನು ಅದೇ ಹೆಸರಿಗಾಗಿ ಊರಿನ ಇನ್ನೆಷ್ಟೋ ಕಚೇರಿಗಳು ಆಗಲೇ ಕೇಳಿರುವುದರಿಂದ ಉತ್ತರ ಬಹುಮಟ್ಟಿಗೆ ಅದರ ನೆನಪಿನಲ್ಲೇ ಇರುತ್ತದೆ.

ಉತ್ತರದ ಜೊತೆಗೆ ಟಿಟಿಎಲ್ ಎಂಬ ಸಂಖ್ಯೆ ಬರುತ್ತದೆ. ಇದನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಎಂದು ಹೆಸರಿನ ಒಡೆಯರು ಕೊಟ್ಟ ಅನುಮತಿ ಅದು. ಅಷ್ಟು ಹೊತ್ತು ಉಳಿದ ಹನ್ನೊಂದು ಜನರಿಗೂ ನಮ್ಮ ಸರ್ವರ್ ತನ್ನ ಕ್ಯಾಶಿನಿಂದಲೇ, ಅಂದರೆ ನೆನಪಿನಿಂದಲೇ, ಉತ್ತರ ಕೊಡುತ್ತದೆ. ಲಿನಕ್ಸಿನ ಡಿಗ್ ಆಜ್ಞೆಯಿಂದ ಇದನ್ನು ಕಣ್ಣಾರೆ ನೋಡಬಹುದು. ಒಂದೇ ಹೆಸರನ್ನು ಎರಡು ಸಲ ಕೇಳಿದರೆ ಕೊನೆಯಲ್ಲಿ ಕಾಣುವ ‘ಕ್ವೆರಿ ಟೈಮ್’ ಮೊದಲ ಸಲ ಹತ್ತಾರು ಮಿಲಿಸೆಕೆಂಡು, ಎರಡನೆಯ ಸಲ ಸೊನ್ನೆಯೋ ಒಂದೋ. ಉತ್ತರದ ಸಾಲಿನಲ್ಲಿರುವ ಟಿಟಿಎಲ್ ಸಂಖ್ಯೆ ಎರಡನೆಯ ಸಲ ಕಡಿಮೆಯಾಗಿರುತ್ತದೆ. ಆ ನೆನಪಿಗೆ ಇನ್ನೆಷ್ಟು ಆಯಸ್ಸು ಉಳಿದಿದೆ ಎಂದು ಅದು ಇಳಿಯುತ್ತಾ ತೋರಿಸುತ್ತದೆ. ಒಂದು ಸಾಧಾರಣ ಸುದ್ದಿತಾಣದ ಪುಟ ಇವತ್ತು ಹತ್ತಾರು ಬೇರೆ ಬೇರೆ ಹೆಸರುಗಳನ್ನು ಎಳೆದು ತರುತ್ತದೆ. ಹಾಗಾಗಿ ಈ ಚಿಕ್ಕ ಉಳಿತಾಯ ದಿನವಿಡೀ ಕೈಗೆ ತಾಗುವಷ್ಟು ದೊಡ್ಡದಾಗುತ್ತದೆ.

‘ಇಲ್ಲ’ ಎಂಬ ಉತ್ತರವೂ ನೆನಪಿನಲ್ಲಿ ಉಳಿಯುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಹೊಸ ಹೆಸರೊಂದನ್ನು ಸೇರಿಸುವ ಮೊದಲೇ ಅವಸರಕ್ಕೆ ಅದನ್ನು ಕೇಳಿ ನೋಡಿದರೆ, ‘ಅಂಥ ಹೆಸರಿಲ್ಲ’ ಎಂಬ ಉತ್ತರ ಕ್ಯಾಶಿನಲ್ಲಿ ಕೂತು, ಹೆಸರು ಸೇರಿಸಿದ ಮೇಲೂ ಸ್ವಲ್ಪ ಹೊತ್ತು ಅದೇ ಮಾತನ್ನು ಹೇಳುತ್ತಿರುತ್ತದೆ. ಇದರ ನಿಯಮವನ್ನು 1998ರ ಆರ್‌ಎಫ್‌ಸಿ 2308 ಬಿಡಿಸಿ ಹೇಳಿತು. ಸೇರಿಸಿ ಆಮೇಲೆ ಕೇಳಿ ಎಂಬುದೇ ಇದಕ್ಕೆ ಸರಿಯಾದ ಅಭ್ಯಾಸ. ಮರೆತು ಕೇಳಿದ್ದರೆ ಕ್ಯಾಶ್ ತೊಳೆಯಬೇಕು.

ನಮ್ಮ ಹೆಸರು, ಹೊರಗಿನ ಹೆಸರು

ಸೆಟ್ಟಿಂಗಿಗೆ ಕೈ ಹಾಕುವ ಮುನ್ನ ಒಂದು ಹಾಳೆಯ ಮೇಲೆ ಮೂರು ಗುಂಪು ಬರೆದುಕೊಳ್ಳಬೇಕು. ಕಚೇರಿಯೊಳಗಿನ ಹೆಸರುಗಳು: ಕಡತದ ಸರ್ವರ್, ಪ್ರಿಂಟರ್, ಹಾಜರಿ ಯಂತ್ರ, ಕ್ಯಾಮೆರಾ ಪೆಟ್ಟಿಗೆ. ಇವಕ್ಕೆ ನಮ್ಮ ಸರ್ವರ್ ಮಾತ್ರ ಉತ್ತರ ಕೊಡಬೇಕು. ಎರಡನೆಯದು, ನಮ್ಮ ಕೈಯಲ್ಲಿಲ್ಲದ, ಆದರೆ ಲೋಕಕ್ಕೂ ಗೊತ್ತಿಲ್ಲದ ಹೆಸರುಗಳು. ಶಿವಮೊಗ್ಗದ ಶಾಖೆ ಬೆಂಗಳೂರಿನ ಮುಖ್ಯ ಕಚೇರಿಗೆ ವಿಪಿಎನ್ ಮೂಲಕ ಕೂಡಿಕೊಂಡಿದ್ದರೆ ಮುಖ್ಯ ಕಚೇರಿಯ ಒಳಹೆಸರುಗಳು ಈ ಗುಂಪಿಗೆ ಸೇರುತ್ತವೆ. ಆ ಪ್ರಶ್ನೆಗಳು ಮುಖ್ಯ ಕಚೇರಿಯ ಸರ್ವರಿಗೆ ಹೋಗಬೇಕು, ಬೇರೆಲ್ಲೂ ಹೋಗಬಾರದು. ಇದನ್ನು ಷರತ್ತಿನ ಫಾರ್ವರ್ಡಿಂಗ್ ಎನ್ನುತ್ತಾರೆ, ಮೈಕ್ರೋಸಾಫ್ಟಿನ ಮಾತಿನಲ್ಲಿ ಕಂಡಿಷನಲ್ ಫಾರ್ವರ್ಡರ್. ವಿಂಡೋಸ್ ಸರ್ವರ್ 2003ರಿಂದ ಇದು ಅಲ್ಲಿದೆ. ಮೂರನೆಯ ಗುಂಪು ಉಳಿದ ಇಡೀ ಜಗತ್ತು. ಅದು ಸಾಮಾನ್ಯ ಫಾರ್ವರ್ಡರಿಗೆ.

ಎರಡನೆಯ ಗುಂಪನ್ನು ಮೂರನೆಯದರ ಜೊತೆ ಬೆರೆಸುವುದು ತೀರ ಸಾಮಾನ್ಯವಾದ ತಪ್ಪು. ಫಾರ್ವರ್ಡರುಗಳ ಪಟ್ಟಿಯಲ್ಲಿ ಮುಖ್ಯ ಕಚೇರಿಯ ಸರ್ವರನ್ನೂ ಗೂಗಲಿನ 8.8.8.8 ಅನ್ನೂ ಒಟ್ಟಿಗೆ ಬರೆದು, ‘ಒಂದಕ್ಕೆ ಗೊತ್ತಿಲ್ಲದಿದ್ದರೆ ಇನ್ನೊಂದು ಹೇಳುತ್ತದೆ’ ಎಂದುಕೊಳ್ಳುತ್ತಾರೆ. ಡಿಎನ್‌ಎಸ್ ಹಾಗೆ ನಡೆಯುವುದಿಲ್ಲ. ‘ಅಂಥ ಹೆಸರೇ ಇಲ್ಲ’ ಎನ್ನುವುದು ಪೂರ್ಣ ಉತ್ತರ. ಅದು ಸಿಕ್ಕಿದ ಮೇಲೆ ಇನ್ನೊಬ್ಬರನ್ನು ಕೇಳುವ ಪ್ರಶ್ನೆಯೇ ಇಲ್ಲ. ಮೊದಲನೆಯವನು ಮೌನವಾಗಿದ್ದರೆ, ಅಥವಾ ತನ್ನಿಂದಾಗದು ಎಂದರೆ ಮಾತ್ರ ಎರಡನೆಯವನ ಸರದಿ. ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೇ ಲೋಕ ಕಾಣಬೇಕು. ಬೇರೆ ಬೇರೆ ಲೋಕ ಕಾಣುವವರನ್ನು ಒಂದೇ ಪಟ್ಟಿಯಲ್ಲಿ ನಿಲ್ಲಿಸಬಾರದು.

ಒಳಹೆಸರಿಗೆ ಯಾವ ಬಾಲ ಹಚ್ಚಬೇಕು ಎಂಬುದೂ ಮುಖ್ಯ. ಹಳೆಯ ಕಚೇರಿಗಳಲ್ಲಿ ‘ಡಾಟ್ ಲೋಕಲ್’ ತುಂಬ ಕಾಣುತ್ತದೆ. ಆದರೆ 2013ರ ಆರ್‌ಎಫ್‌ಸಿ 6762 ಅದನ್ನು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲಿಟ್ಟಿತು. ಮ್ಯಾಕ್ ಮತ್ತು ಹಲವು ಲಿನಕ್ಸ್ ಯಂತ್ರಗಳು ಆ ಹೆಸರನ್ನು ಕಂಡರೆ ಸರ್ವರನ್ನು ಕೇಳದೆ ಜಾಲದಲ್ಲೇ ಕೂಗಿ ಕೇಳುತ್ತವೆ. ತೋಚಿದ ಬಾಲ ಹಚ್ಚುವುದೂ ಬೇಡ, ನಾಳೆ ಅದೇ ನಿಜವಾದ ಡೊಮೇನ್ ಆಗಿ ಮಾರಾಟಕ್ಕೆ ಬರಬಹುದು. ಕಚೇರಿ ಈಗಾಗಲೇ ಒಂದು ಡೊಮೇನ್ ಕೊಂಡಿದ್ದರೆ ಅದರ ಕೆಳಗೆ ‘ಆಫೀಸ್’ ಎಂಬ ಕವಲು ಮಾಡಿಕೊಳ್ಳುವುದು ಎಲ್ಲಕ್ಕಿಂತ ಗಟ್ಟಿಯಾದ ದಾರಿ. ಇಲ್ಲವಾದರೆ ಖಾಸಗಿ ಬಳಕೆಗೆಂದು 2024ರಲ್ಲಿ ಡೊಮೇನ್ ಹೆಸರುಗಳ ಮೇಲ್ವಿಚಾರಣೆಯ ಸಂಸ್ಥೆ ಐಕಾನ್ ಬಿಟ್ಟುಕೊಟ್ಟ ‘ಡಾಟ್ ಇಂಟರ್ನಲ್’ ಇದೆ. ಮನೆಯ ಜಾಲಕ್ಕೆ ‘ಹೋಮ್ ಡಾಟ್ ಅರ್ಪಾ’ 2018ರಿಂದ ಇದೆ.

ಐಪಿ ವಿಳಾಸದಿಂದ ಹೆಸರು ಹುಡುಕುವ ತಿರುವು ಪ್ರಶ್ನೆಗಳನ್ನೂ ಇಲ್ಲೇ ನೆನಪಿಡಬೇಕು. 192.168 ಅಥವಾ 10ರಿಂದ ಶುರುವಾಗುವ ವಿಳಾಸಗಳು ಪ್ರತಿ ಕಚೇರಿಯಲ್ಲೂ ಇರುವ ಖಾಸಗಿ ವಿಳಾಸಗಳು; ಹೊರಗಿನ ಯಾರಿಗೂ ಅವುಗಳ ಹೆಸರು ಗೊತ್ತಿರಲು ಸಾಧ್ಯವಿಲ್ಲ. ಆ ಪ್ರಶ್ನೆಗಳನ್ನು ಹೊಸಿಲು ದಾಟಿಸದೆ ಒಳಗೇ ತಡೆಯಬೇಕು.

ದಾಟಿಸಬೇಕೆ, ತಾನೇ ಹತ್ತಬೇಕೆ?

ಸಣ್ಣ ಕಚೇರಿಗೆ ಫಾರ್ವರ್ಡಿಂಗ್ ಸಾಮಾನ್ಯವಾಗಿ ಒಪ್ಪುತ್ತದೆ. ವೇಗ ಒಂದು ಕಾರಣ. ಹೊರಗೆ ಹೋಗುವ 53ನೇ ಪೋರ್ಟನ್ನು ಒಂದೆರಡು ವಿಳಾಸಗಳಿಗೆ ಮಾತ್ರ ತೆರೆದಿಟ್ಟು ಉಳಿದದ್ದನ್ನು ಫೈರ್‌ವಾಲಿನಲ್ಲಿ ಮುಚ್ಚಬಹುದು ಎಂಬುದು ಇನ್ನೊಂದು. ಯಾರಿಗೆ ದಾಟಿಸುವುದು ಎಂಬಲ್ಲಿ ಆಯ್ಕೆಗಳಿವೆ: ಸಂಪರ್ಕ ಕೊಟ್ಟ ಸೇವಾದಾರರ ಸರ್ವರುಗಳು, 2009ರ ಡಿಸೆಂಬರಿನಿಂದ ಇರುವ ಗೂಗಲಿನ 8.8.8.8, 2017ರ ಕ್ವಾಡ್9ರ 9.9.9.9, 2018ರ ಏಪ್ರಿಲ್ 1ರಂದು ಬಂದ ಕ್ಲೌಡ್‌ಫ್ಲೇರಿನ 1.1.1.1. ಕ್ವಾಡ್9 ಕೆಡುಕಿನ ತಾಣಗಳೆಂದು ಗುರುತಾದ ಹೆಸರುಗಳಿಗೆ ಉತ್ತರ ಕೊಡುವುದಿಲ್ಲ. ಹಣದ ವ್ಯವಹಾರ ನಡೆಯುವ, ಪ್ರತ್ಯೇಕ ಭದ್ರತಾ ಸಿಬ್ಬಂದಿ ಇಲ್ಲದ ಕಚೇರಿಗೆ ಇದೊಂದು ಬೆಲೆಬಾಳುವ ಬೇಲಿ ಎಂದು ನನ್ನ ಭಾವನೆ. ಯಾರನ್ನೇ ಆರಿಸಿಕೊಂಡರೂ ಕಚೇರಿಯವರು ಯಾವ ಯಾವ ತಾಣಕ್ಕೆ ಹೋಗುತ್ತಾರೆ ಎಂಬ ಇಡೀ ಪಟ್ಟಿ ಅವರ ಕೈಗೆ ಸಿಗುತ್ತದೆ. ಅಷ್ಟು ನಂಬಿಕೆಯನ್ನು ಯಾರ ಮೇಲೆ ಇಡುತ್ತೇವೆ ಎಂದು ಮಾಲೀಕರೇ ಕೂತು ಯೋಚಿಸಬೇಕಾದ ವಿಷಯವಿದು. ರೌಟರ್ ಹಾಕಲು ಬಂದ ಹುಡುಗನಿಗೆ ಬಿಟ್ಟುಬಿಡುವಂಥದ್ದಲ್ಲ.

ದಾಟಿಸಬಾರದ ಒಂದು ಸಂದರ್ಭವೂ ಇದೆ. ಕಚೇರಿಯಲ್ಲೇ ಇಮೇಲ್ ಸರ್ವರ್ ಇಟ್ಟುಕೊಂಡು ಸ್ಪ್ಯಾಮ್ ತಡೆಯಲು ಸ್ಪ್ಯಾಮ್‌ಹೌಸಿನಂಥ ಕಪ್ಪುಪಟ್ಟಿಗಳನ್ನು ಡಿಎನ್‌ಎಸ್ ಮೂಲಕ ಕೇಳುವವರು ಸಾರ್ವಜನಿಕ ರಿಸಾಲ್ವರುಗಳ ಮೂಲಕ ಕೇಳಿದರೆ ಉತ್ತರ ಸಿಗುವುದಿಲ್ಲ, ಸ್ಪ್ಯಾಮ್‌ಹೌಸ್ 127.255.255.254 ಎಂಬ ಗುರುತಿನ ವಿಳಾಸ ಕೊಟ್ಟು ತಳ್ಳಿಹಾಕುತ್ತದೆ. ಈ ಗುರುತನ್ನು ‘ಕಪ್ಪುಪಟ್ಟಿಯಲ್ಲಿದೆ’ ಎಂದು ತಪ್ಪಾಗಿ ಓದುವ ಇಮೇಲ್ ಸರ್ವರ್ ಬಂದ ಪತ್ರಗಳನ್ನೆಲ್ಲ ತಿರಸ್ಕರಿಸಿಬಿಡಬಹುದು. ಅಂಥ ಕಡೆ ಆ ಒಂದು ಯಂತ್ರಕ್ಕಾದರೂ ಮರವನ್ನು ತಾನೇ ಹತ್ತುವ ರಿಸಾಲ್ವರ್ ಬೇಕು.

ತಂತ್ರಾಂಶಗಳು

ಸಣ್ಣ ಕಚೇರಿಗೆ ಹೇಳಿ ಮಾಡಿಸಿದಂಥದ್ದು ಸೈಮನ್ ಕೆಲ್ಲಿ ಬರೆದ ಡಿಎನ್‌ಎಸ್‌ಮಾಸ್ಕ್. ಓಪನ್‌ಡಬ್ಲ್ಯೂಆರ್‌ಟಿ ರೌಟರುಗಳ ಒಳಗಿರುವುದು ಇದೇ. ಕಂಪ್ಯೂಟರುಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯೂ ಇದರಲ್ಲೇ ಇರುವುದರಿಂದ, ವಿಳಾಸ ಪಡೆದ ಕಂಪ್ಯೂಟರಿನ ಹೆಸರು ತಾನಾಗಿ ಡಿಎನ್‌ಎಸ್‌ಗೆ ಸೇರಿಕೊಳ್ಳುತ್ತದೆ. ಪ್ರತಿ ಪ್ರಿಂಟರಿಗೂ ಕೈಯಾರೆ ಸಾಲು ಬರೆಯುವ ಕೆಲಸವಿಲ್ಲ. ಫಾರ್ವರ್ಡರಿಗೆ ‘ಸರ್ವರ್’ ಎಂಬ ಪದ, ಸಮ ಚಿಹ್ನೆ, ವಿಳಾಸ, ಅಷ್ಟೇ. ಷರತ್ತಿನ ಫಾರ್ವರ್ಡಿಂಗಿಗೆ ವಿಳಾಸದ ಮುಂದೆ ಎರಡು ಓರೆಗೆರೆಗಳ ನಡುವೆ ಡೊಮೇನ್ ಹೆಸರು ಬರೆದರಾಯಿತು. ‘ಡೊಮೇನ್-ನೀಡೆಡ್’ ಎಂಬ ಸಾಲು ಚುಕ್ಕೆಯೇ ಇಲ್ಲದ ಬರಿಯ ಹೆಸರುಗಳನ್ನೂ ‘ಬೋಗಸ್-ಪ್ರಿವ್’ ಎಂಬುದು ಖಾಸಗಿ ವಿಳಾಸಗಳ ತಿರುವು ಪ್ರಶ್ನೆಗಳನ್ನೂ ಹೊರಗೆ ಬಿಡುವುದಿಲ್ಲ. ಇವೆರಡನ್ನೂ ಹಾಕದ ಡಿಎನ್‌ಎಸ್‌ಮಾಸ್ಕ್ ಅರ್ಧ ಕೂರಿಸಿದ ಹಾಗೆ. ಇದರ ಕ್ಯಾಶ್ ಮೊದಲಿಗೆ 150 ಹೆಸರುಗಳಷ್ಟೇ. ಹದಿನೈದು ಜನರ ಕಚೇರಿಗೆ ಅದನ್ನು ಸಾವಿರಗಳಿಗೆ ಏರಿಸಬೇಕು. ಕೊಟ್ಟ ಸರ್ವರುಗಳಲ್ಲಿ ಬದುಕಿರುವುದನ್ನು ಅದು ತಾನೇ ಗುರುತಿಸಿಕೊಳ್ಳುತ್ತದೆ, ಬರೆದ ಕ್ರಮದಲ್ಲೇ ಕೇಳಬೇಕೆಂದರೆ ಬೇರೆ ಸಾಲು ಸೇರಿಸಬೇಕು.

ಬೈಂಡ್ ದೊಡ್ಡ ಕೈ. ಒಳಹೆಸರುಗಳ ಪೂರ್ಣ ಝೋನ್ ಕಡತ, ಬೇರೆ ಬೇರೆ ಜಾಲಕ್ಕೆ ಬೇರೆ ಬೇರೆ ಉತ್ತರ, ಇನ್ನೊಂದು ಸರ್ವರಿಗೆ ನಕಲು ಇವೆಲ್ಲ ಬೇಕಾದಾಗ ಬೈಂಡ್. ಇದರಲ್ಲಿ ‘ಫಾರ್ವರ್ಡ್ ಫಸ್ಟ್’ ಮತ್ತು ‘ಫಾರ್ವರ್ಡ್ ಓನ್ಲಿ’ ಎಂಬ ಎರಡು ಬಗೆ. ಏನೂ ಬರೆಯದಿದ್ದರೆ ಮೊದಲನೆಯದು: ಫಾರ್ವರ್ಡರನ್ನು ಕೇಳು, ಉತ್ತರ ಬಾರದಿದ್ದರೆ ಮರವನ್ನು ನೀನೇ ಹತ್ತು. ಕೇಳಲು ಜಾಣತನದ ಏರ್ಪಾಡು ಎನಿಸುತ್ತದೆ. ಆದರೆ ಫೈರ್‌ವಾಲ್ ನೇರ ಪ್ರಶ್ನೆಗಳನ್ನು ತಡೆದಿದ್ದರೆ ಆ ಎರಡನೆಯ ಪ್ರಯತ್ನ ಕಾಯುವ ಹೊತ್ತನ್ನು ಹೆಚ್ಚಿಸುತ್ತದೆ ಅಷ್ಟೇ. ಕೆಡುಕಿನ ತಾಣ ತಡೆಯಲೆಂದೇ ಒಬ್ಬ ಫಾರ್ವರ್ಡರನ್ನು ಆರಿಸಿಕೊಂಡಿದ್ದರೆ ಅವನು ಮೌನವಾದಾಗ ಬೇಲಿ ತಾನೇ ತೆರೆದುಕೊಳ್ಳುತ್ತದೆ. ಎರಡು ಒಳ್ಳೆಯ ಫಾರ್ವರ್ಡರುಗಳನ್ನು ಕೊಟ್ಟು ‘ಓನ್ಲಿ’ ಎಂದು ಬರೆಯುವುದು ನನಗೆ ಮೆಚ್ಚು, ಏಕೆಂದರೆ ಆಗ ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಸೆಟ್ಟಿಂಗ್ ತಿದ್ದಿದ ಮೇಲೆ ‘ನೇಮ್ಡ್-ಚೆಕ್‌ಕಾನ್ಫ್’ ಓಡಿಸದೆ ಸರ್ವರನ್ನು ಮರುಚಾಲೂ ಮಾಡಬಾರದು. ಬಿಟ್ಟುಹೋದ ಒಂದು ಅರ್ಧವಿರಾಮ ಚಿಹ್ನೆ ಇಡೀ ಕಚೇರಿಯನ್ನು ನಿಲ್ಲಿಸುತ್ತದೆ.

ನೆದರ್‌ಲೆಂಡ್ಸಿನ ಎನ್‌ಎಲ್‌ನೆಟ್ ಲ್ಯಾಬ್ಸ್‌ನ ಅನ್‌ಬೌಂಡ್ ಇವೆರಡರ ನಡುವೆ ನಿಲ್ಲುತ್ತದೆ. 2008ರಲ್ಲಿ ಅದರ 1.0 ಬಂತು. ಮರ ಹತ್ತುವುದರಲ್ಲೂ ಸಹಿ ಪರಿಶೀಲನೆಯಲ್ಲೂ ಪಳಗಿದ್ದು. ‘ಫಾರ್ವರ್ಡ್-ಝೋನ್’ ಎಂಬ ಭಾಗದಲ್ಲಿ ಬರಿಯ ಚುಕ್ಕೆಯನ್ನು ಹೆಸರಾಗಿ ಕೊಟ್ಟರೆ ಎಲ್ಲ ಪ್ರಶ್ನೆಗಳನ್ನೂ ದಾಟಿಸುತ್ತದೆ, ಡೊಮೇನ್ ಕೊಟ್ಟರೆ ಅದನ್ನಷ್ಟೇ. ಗೂಢಲಿಪಿಯ ಟಿಎಲ್‌ಎಸ್ ಮೂಲಕ ದಾಟಿಸಲು ಸಣ್ಣ ಕಚೇರಿಗೆ ಅತ್ಯಂತ ಸರಳ ದಾರಿಯೂ ಇದೇ. ಡಿಎನ್‌ಎಸ್‌ಮಾಸ್ಕಿಗೆ ಅದು ಬಾರದು, ಪಕ್ಕದಲ್ಲಿ ಇನ್ನೊಂದು ತಂತ್ರಾಂಶ ಇಡಬೇಕು.

ವಿಂಡೋಸ್ ಸರ್ವರಿನಲ್ಲಿ ಡಿಎನ್‌ಎಸ್ ಮ್ಯಾನೇಜರ್ ತೆರೆದು, ಸರ್ವರಿನ ಪ್ರಾಪರ್ಟೀಸಿನಲ್ಲಿ ಫಾರ್ವರ್ಡರ್ಸ್ ಪುಟಕ್ಕೆ ಹೋಗಿ ವಿಳಾಸ ತುಂಬುವುದಷ್ಟೇ ಕೆಲಸ. ಅದು ಬರೆದ ಕ್ರಮದಲ್ಲಿ, ಒಬ್ಬೊಬ್ಬರಿಗೂ 3 ಸೆಕೆಂಡು ಕೊಟ್ಟು ಕೇಳುತ್ತದೆ. ಹಾಗಾಗಿ ಸತ್ತುಹೋದ ವಿಳಾಸ ಪಟ್ಟಿಯ ಮೊದಲಲ್ಲಿದ್ದರೆ ಕಚೇರಿಯ ಹೊಸ ಹೆಸರುಗಳಿಗೆ ಮೂರು ಸೆಕೆಂಡಿನ ದಂಡ ಬೀಳಬಹುದು. ‘ನಿಧಾನ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದ ಜಾಗ ಇದು.

ಕೈಕೊಡುವ ಜಾಗಗಳು

ಕಂಪ್ಯೂಟರಿನ ಜಾಲದ ಸೆಟ್ಟಿಂಗಿನಲ್ಲಿ ಎರಡು ಡಿಎನ್‌ಎಸ್ ವಿಳಾಸ ಬರೆಯುವ ಜಾಗವಿರುತ್ತದೆ. ಮೊದಲನೆಯದರಲ್ಲಿ ಕಚೇರಿಯ ಸರ್ವರ್, ಎರಡನೆಯದರಲ್ಲಿ ‘ಇರಲಿ’ ಎಂದು 8.8.8.8 ಬರೆಯುವ ಪದ್ಧತಿ ಎಲ್ಲೆಡೆ ಬೇರೂರಿದೆ. ಸರ್ವರ್ ಒಮ್ಮೆ ಉತ್ತರಿಸಲು ತಡ ಮಾಡಿದರೆ ಸಾಕು, ವಿಂಡೋಸ್ ಎರಡನೆಯದನ್ನು ಕೇಳುತ್ತದೆ; ಕಚೇರಿಯ ಒಳಹೆಸರು ಗೂಗಲಿಗೆ ಗೊತ್ತಿಲ್ಲ; ‘ಇಲ್ಲ’ ಎಂಬ ಉತ್ತರ ಬರುತ್ತದೆ. ಲಾಗಿನ್‌ಗಳನ್ನು ಒಂದೆಡೆ ನೋಡಿಕೊಳ್ಳುವ ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿ ಇರುವ ಕಚೇರಿಯಲ್ಲಿ ಇದರ ಪೆಟ್ಟು ಜೋರು. ಲಾಗಿನ್ ಆಗುವಾಗ ಕಂಪ್ಯೂಟರ್ ತನ್ನ ಡೊಮೇನ್ ಕಂಟ್ರೋಲರನ್ನು ಹುಡುಕುವುದೇ ಡಿಎನ್‌ಎಸ್‌ನ ಎಸ್‌ಆರ್‌ವಿ ದಾಖಲೆಗಳ ಮೂಲಕ. ಅವು ಸಿಗದಿದ್ದರೆ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಒಮ್ಮೆ ಸರಿ, ಒಮ್ಮೆ ಕೆಟ್ಟಿದೆ ಎಂಬಂಥ ಈ ತೊಂದರೆ ಜನರನ್ನು ಹೈರಾಣ ಮಾಡುತ್ತದೆ: ಕೇಬಲ್ ಬದಲಿಸುತ್ತಾರೆ, ಸ್ವಿಚ್ ಬದಲಿಸುತ್ತಾರೆ, ವಿಂಡೋಸ್ ಮತ್ತೆ ಹಾಕುತ್ತಾರೆ. ಪರಿಹಾರ ಒಂದು ಸಾಲಿನದು. ಕಂಪ್ಯೂಟರುಗಳಿಗೆ ಕಚೇರಿಯ ಸರ್ವರಿನ ವಿಳಾಸ ಮಾತ್ರ ಕೊಡಬೇಕು. ಬದಲಿ ಬೇಕಿದ್ದರೆ ಅದೇ ಹೆಸರುಗಳು ಗೊತ್ತಿರುವ ಎರಡನೆಯ ಒಳಸರ್ವರ್ ಇಡಬೇಕು. ಹೊರಗಿನ ವಿಳಾಸಗಳ ಜಾಗ ಸರ್ವರಿನ ಫಾರ್ವರ್ಡರ್ ಪಟ್ಟಿ, ಬೇರೆಲ್ಲೂ ಅಲ್ಲ.

ನಮ್ಮ ಊರುಗಳ ಕಚೇರಿಗಳಲ್ಲಿ ಎರಡು ಕಂಪನಿಗಳ ಸಂಪರ್ಕ ಇಟ್ಟುಕೊಳ್ಳುವುದು ಈಗ ಮಾಮೂಲು: ಒಂದು ಫೈಬರ್, ಅದು ಕಡಿದಾಗ ಇನ್ನೊಂದು. ಫೈಬರ್ ಕಡಿಯಿತು, ರೌಟರ್ ಎರಡನೆಯ ಸಂಪರ್ಕಕ್ಕೆ ಹಾರಿತು, ಪಿಂಗ್ ಹೋಗುತ್ತಿದೆ, ಆದರೆ ಒಂದು ತಾಣವೂ ತೆರೆಯುತ್ತಿಲ್ಲ. ಕಾರಣ, ಫಾರ್ವರ್ಡರ್ ಪಟ್ಟಿಯಲ್ಲಿರುವುದು ಮೊದಲ ಕಂಪನಿಯ ಡಿಎನ್‌ಎಸ್ ಮಾತ್ರ. ಸೇವಾದಾರರ ರಿಸಾಲ್ವರುಗಳು ಸಾಮಾನ್ಯವಾಗಿ ತಮ್ಮ ಗ್ರಾಹಕರಿಗಷ್ಟೇ ಉತ್ತರ ಕೊಡುತ್ತವೆ. ಬೇರೆ ಕಂಪನಿಯ ಜಾಲದಿಂದ ಬಂದ ಪ್ರಶ್ನೆಯನ್ನು ನಿರಾಕರಿಸುತ್ತವೆ. ಎರಡು ಸಂಪರ್ಕ ಇರುವಲ್ಲಿ ಯಾವ ದಾರಿಯಿಂದಲೂ ತಲುಪಬಹುದಾದ ಸಾರ್ವಜನಿಕ ರಿಸಾಲ್ವರನ್ನೇ ಫಾರ್ವರ್ಡರ್ ಮಾಡಿಕೊಳ್ಳುವುದು ಕ್ಷೇಮ.

ಸುತ್ತು ಬೀಳುವುದು ಇನ್ನೊಂದು. ಸರ್ವರಿನ ಫಾರ್ವರ್ಡರಾಗಿ ರೌಟರಿನ ವಿಳಾಸ, ರೌಟರಿನ ಡಿಎನ್‌ಎಸ್ ಆಗಿ ಸರ್ವರಿನ ವಿಳಾಸ. ಎರಡನ್ನೂ ಬೇರೆ ಬೇರೆ ದಿನ ಬೇರೆ ಬೇರೆ ಜನ ಬರೆದಿರುತ್ತಾರೆ. ಒಂದು ಪ್ರಶ್ನೆ ಇಬ್ಬರ ನಡುವೆ ಚೆಂಡಿನಂತೆ ಓಡಾಡಿ ಲಾಗ್ ಕಡತ ತುಂಬುತ್ತದೆ. ಫಾರ್ವರ್ಡರಾಗಿ ರೌಟರನ್ನು ಬರೆಯದಿರುವುದೇ ಒಳ್ಳೆಯದು. ಅಗ್ಗದ ರೌಟರುಗಳ ಡಿಎನ್‌ಎಸ್ ದೊಡ್ಡ ಉತ್ತರಗಳನ್ನು, ಟಿಸಿಪಿ ಮೂಲಕ ಬರುವ ಪ್ರಶ್ನೆಗಳನ್ನು ನುಂಗಿಹಾಕುವುದೂ ಉಂಟು. 2009ರ ಆರ್‌ಎಫ್‌ಸಿ 5625 ಅಂಥ ಪೆಟ್ಟಿಗೆಗಳು ಹೇಗೆ ನಡೆದುಕೊಳ್ಳಬೇಕೆಂದು ಹೇಳಲೆಂದೇ ಬಂದದ್ದು.

ಉಬುಂಟುವಿನ 18.04ರಿಂದೀಚೆಗಿನ ಆವೃತ್ತಿಗಳಲ್ಲಿ ಸಿಸ್ಟಮ್‌ಡಿ-ರಿಸಾಲ್ವ್‌ಡಿ ಎಂಬ ಯಂತ್ರದೊಳಗಿನ ರಿಸಾಲ್ವರ್ 127.0.0.53ರಲ್ಲಿ ಆಗಲೇ ಕೂತಿರುವುದರಿಂದ ಡಿಎನ್‌ಎಸ್‌ಮಾಸ್ಕ್ ‘ವಿಳಾಸ ಬಳಕೆಯಲ್ಲಿದೆ’ ಎಂದು ಏಳದೆ ಮುಷ್ಕರ ಹೂಡುತ್ತದೆ. ಅದರ ಸ್ಟಬ್ ಲಿಸನರ್ ನಿಲ್ಲಿಸಿದರೆ ಸರಿಹೋಗುತ್ತದೆ.

ಗಡಿಯಾರದ ಕಥೆ ಸ್ವಲ್ಪ ಉದ್ದ. ಉತ್ತರ ನಿಜವಾದ ಒಡೆಯರದ್ದೇ ಎಂದು ಡಿಜಿಟಲ್ ಸಹಿಯಿಂದ ಖಚಿತಪಡಿಸುವ ಡಿಎನ್‌ಎಸ್‌ಸೆಕ್ ವ್ಯವಸ್ಥೆಯಲ್ಲಿ ಪ್ರತಿ ಸಹಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ಮೂಲ ಝೋನಿಗೆ ಸಹಿ ಬಿದ್ದದ್ದು 2010ರ ಜುಲೈ 15ರಂದು. ಮಳೆಗಾಲದ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಬತ್ತಿ, ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿರುವ ಹಳೆಯ ಸರ್ವರ್ ಬೆಳಗ್ಗೆ ಎದ್ದಾಗ ತಾರೀಖು ವರ್ಷಗಳಷ್ಟು ಹಿಂದೆ ಹೋಗಿರುತ್ತದೆ. ಸಹಿಗಳೆಲ್ಲ ಇನ್ನೂ ಜಾರಿಗೆ ಬಾರದಂತೆ ಕಾಣುತ್ತವೆ, ಪರಿಶೀಲನೆ ಸೋಲುತ್ತದೆ, ಪ್ರತಿ ಹೆಸರಿಗೂ ‘ಸರ್ವ್‌ಫೇಲ್’ ಎಂಬ ಸೋಲಿನ ಉತ್ತರ. ಗಡಿಯಾರ ಸರಿಮಾಡಿಕೊಳ್ಳಲು ಸರ್ವರ್ ಸಮಯ ಹೇಳುವ ಎನ್‌ಟಿಪಿಯನ್ನು ಕೇಳಬೇಕು, ಎನ್‌ಟಿಪಿ ಸರ್ವರಿನ ಹೆಸರು ತಿಳಿಯಲು ಡಿಎನ್‌ಎಸ್ ಬೇಕು, ಡಿಎನ್‌ಎಸ್‌ಗೆ ಸರಿಯಾದ ಗಡಿಯಾರ ಬೇಕು. ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದ ಸ್ಥಿತಿ. ಒಂದು ಎನ್‌ಟಿಪಿ ಸರ್ವರನ್ನಾದರೂ ಹೆಸರಿನ ಬದಲು ವಿಳಾಸದಿಂದಲೇ ಬರೆದಿಟ್ಟರೆ, ಅಂಗಡಿಯಲ್ಲಿ ಸಿಗುವ ಆ ಗುಂಡಿ ಬ್ಯಾಟರಿಯನ್ನು ಕಾಲಕಾಲಕ್ಕೆ ಬದಲಿಸಿದರೆ ಈ ಬೆಳಗು ಬರುವುದಿಲ್ಲ. ಸಹಿ ಪರಿಶೀಲನೆ ಚಾಲೂ ಇರುವಾಗ ಸ್ವಂತ ಕಲ್ಪನೆಯ ಒಳಡೊಮೇನುಗಳನ್ನು ಪರಿಶೀಲನೆಯಿಂದ ಹೊರಗಿಡಬೇಕೆಂಬುದೂ ಇದೇ ಜಾತಿಯ ಎಚ್ಚರ. ಅಂಥ ಬಾಲ ಲೋಕದಲ್ಲಿಲ್ಲ ಎಂದು ಮೂಲ ಝೋನ್ ಸಹಿ ಹಾಕಿ ಹೇಳುತ್ತದೆ. ನಮ್ಮ ಸರ್ವರ್ ಅದನ್ನು ನಂಬಿ ನಮ್ಮದೇ ಹೆಸರನ್ನು ತಳ್ಳಿಹಾಕುತ್ತದೆ.

ಸುರಕ್ಷತೆ

ಕಚೇರಿಯ ಡಿಎನ್‌ಎಸ್ ಕಚೇರಿಗೆ ಮಾತ್ರ ಉತ್ತರ ಕೊಡಬೇಕು. ಹೊರಗಿನ ಯಾರು ಕೇಳಿದರೂ ಉತ್ತರಿಸುವ ಸರ್ವರನ್ನು ಆಕ್ರಮಣಕಾರರು ಇನ್ನೊಬ್ಬರ ಮೇಲೆ ಕಲ್ಲು ಹೊಡೆಯಲು ಬಳಸಿಕೊಳ್ಳುತ್ತಾರೆ: ಬಲಿಪಶುವಿನ ವಿಳಾಸವನ್ನು ತಮ್ಮದೆಂದು ನಟಿಸಿ ಚಿಕ್ಕ ಪ್ರಶ್ನೆ ಕೇಳುತ್ತಾರೆ, ದೊಡ್ಡ ಉತ್ತರ ಬಲಿಪಶುವಿನ ಮೇಲೆ ಹೋಗಿ ಬೀಳುತ್ತದೆ. 2013ರ ಮಾರ್ಚಿನಲ್ಲಿ ಸ್ಪ್ಯಾಮ್‌ಹೌಸ್ ಮೇಲೆ ನಡೆದ ದಾಳಿ ಸೆಕೆಂಡಿಗೆ 300 ಗಿಗಾಬಿಟ್ ಮುಟ್ಟಿತೆಂದು ವರದಿಯಾದದ್ದು ಹೀಗೆಯೇ, ಇಂಥ ತೆರೆದ ಸರ್ವರುಗಳ ಹೆಗಲ ಮೇಲಿಂದ. ಬೈಂಡಿನಲ್ಲಿ ‘ಅಲೋ-ರಿಕರ್ಷನ್’ ಸಾಲಿನಲ್ಲಿ ಕಚೇರಿಯ ಜಾಲವನ್ನಷ್ಟೇ ಬರೆದು, ರೌಟರಿನಲ್ಲಿ ಹೊರಗಿನಿಂದ ಬರುವ 53ನೇ ಪೋರ್ಟನ್ನು ಮುಚ್ಚಬೇಕು.

2008ರಲ್ಲಿ ಡ್ಯಾನ್ ಕಮಿನ್ಸ್ಕಿ ಕ್ಯಾಶಿಗೆ ಸುಳ್ಳು ಉತ್ತರ ತುಂಬುವ ಸುಲಭದ ದಾರಿಯನ್ನು ತೋರಿಸಿಕೊಟ್ಟರು. ಪ್ರಶ್ನೆಯ ಗುರುತಿನ ಸಂಖ್ಯೆ 16 ಬಿಟ್, ಅಂದರೆ 65,536 ಸಾಧ್ಯತೆ ಮಾತ್ರ. ಊಹಿಸಿ ಹೊಡೆಯಲು ಅದು ಕಷ್ಟವಲ್ಲ. ಪ್ರತಿ ಪ್ರಶ್ನೆಗೂ ಬೇರೆ ಪೋರ್ಟನ್ನು ಚೀಟಿ ಎತ್ತಿದಂತೆ ಆರಿಸಿಕೊಳ್ಳುವುದರಿಂದ ಈಗ ಆ ಊಹೆ ಬಹಳ ದುಬಾರಿ. 2021ರ ಜನವರಿಯಲ್ಲಿ ಡಿಎನ್‌ಎಸ್‌ಮಾಸ್ಕಿನಲ್ಲೇ ಡಿಎನ್‌ಎಸ್‌ಪೂಕ್ ಎಂಬ ಏಳು ದೋಷಗಳು ಹೊರಬಿದ್ದವು. ಸರ್ವರಿನ ತಂತ್ರಾಂಶವನ್ನು ಹೊಸದಾಗಿಸುವವರು ರೌಟರನ್ನು ಮರೆಯುತ್ತಾರೆ; ಅದೂ ಕಂಪ್ಯೂಟರೇ.

ಹೊರಗಿನ ದಾರಿಯಲ್ಲಿ ಪ್ರಶ್ನೆಗಳು ಬೆತ್ತಲೆಯಾಗಿ ಹೋಗದಂತೆ 2016ರಲ್ಲಿ 853ನೇ ಪೋರ್ಟಿನ ಡಿಎನ್‌ಎಸ್ ಓವರ್ ಟಿಎಲ್‌ಎಸ್, 2018ರಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಬಂದವು. ಎರಡನೆಯದರಿಂದ ಕಚೇರಿಗೆ ಒಂದು ತೊಡಕಿದೆ: ಬ್ರೌಸರ್ ಕಚೇರಿಯ ಸರ್ವರನ್ನು ದಾಟಿ ನೇರ ಹೊರಗೆ ಕೇಳಿದರೆ ಒಳಹೆಸರುಗಳು ಸಿಗುವುದಿಲ್ಲ. ಫೈರ್‌ಫಾಕ್ಸ್ ಇದಕ್ಕೆಂದೇ ಒಂದು ಸಂಕೇತದ ಡೊಮೇನ್ ಇಟ್ಟಿದೆ. ಕಚೇರಿಯ ಸರ್ವರ್ ಅದಕ್ಕೆ ‘ಇಲ್ಲ’ ಎಂದರೆ ಫೈರ್‌ಫಾಕ್ಸ್ ತಾನಾಗಿ ಹಿಡಿದಿದ್ದ ಆ ದಾರಿಯನ್ನು ಬಿಡುತ್ತದೆ.

ಭಾರತದ ಕಚೇರಿಗಳಿಗೆ ಇನ್ನೊಂದು ಲೆಕ್ಕವೂ ಇದೆ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಗಣಕ ವ್ಯವಸ್ಥೆಗಳ ಲಾಗನ್ನು 180 ದಿನ ಕಾಪಿಡಬೇಕೆನ್ನುತ್ತದೆ, ಗಡಿಯಾರ ಹೊಂದಿಸುವ ನಿಯಮವನ್ನೂ ಹೇಳುತ್ತದೆ. ಡಿಎನ್‌ಎಸ್ ಲಾಗ್ ಇಡುವಾಗ ಅದರಲ್ಲಿ ಇರುವುದು ಸಹೋದ್ಯೋಗಿಗಳ ದಿನಚರಿ ಎಂಬುದನ್ನು ಮರೆಯಬಾರದು. ಯಾರು ಯಾವ ಆಸ್ಪತ್ರೆಯ ತಾಣ ನೋಡಿದರು, ಯಾರು ಬೇರೆ ಕೆಲಸ ಹುಡುಕುತ್ತಿದ್ದಾರೆ ಎಲ್ಲವೂ ಅಲ್ಲಿರುತ್ತದೆ. ಆ ಕಡತದ ಬೀಗ ಒಬ್ಬರ ಕೈಯಲ್ಲಿರಲಿ, ಲಾಗ್ ಇಡುತ್ತಿದ್ದೇವೆಂದು ಎಲ್ಲರಿಗೂ ತಿಳಿದಿರಲಿ.

ಕನ್ನಡದ ಹೆಸರುಗಳು

ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಎಂಬ ಡೊಮೇನ್ ಈಗ ಇದೆ. ಡಿಎನ್‌ಎಸ್ ಒಳಗೆ ಅದು ಕನ್ನಡದಲ್ಲಿ ಹರಿಯುವುದಿಲ್ಲ. 2003ರ ಪ್ಯುನಿಕೋಡ್ ನಿಯಮದಂತೆ ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ರೋಮನ್ ಅಕ್ಷರದ ಸರಮಾಲೆಯಾಗಿ ಹೋಗುತ್ತದೆ. ಅಕ್ಷರ ಬದಲಿಸುವ ಕೆಲಸ ಬ್ರೌಸರಿನದು, ಫಾರ್ವರ್ಡರಿಗೆ ಬೇರೆ ಸೆಟ್ಟಿಂಗ್ ಬೇಡ. ಲಾಗ್ ಓದುವಾಗ ಮಾತ್ರ ಅಂಥ ಸಾಲು ಕಂಡರೆ ವೈರಸ್ ಎಂದು ಬೆಚ್ಚಬೇಕಿಲ್ಲ. ಯಾರೋ ಕನ್ನಡದಲ್ಲಿ ವಿಳಾಸ ಬರೆದಿರಬಹುದು.

ಪರೀಕ್ಷೆ

ಕೂರಿಸಿದ ಮೇಲೆ ಕಚೇರಿಯ ಒಂದು ಕಂಪ್ಯೂಟರಿನಿಂದ ಡಿಗ್ ಅಥವಾ ವಿಂಡೋಸಿನ ಎನ್‌ಎಸ್‌ಲುಕಪ್ ಬಳಸಿ ಮೂರೂ ಗುಂಪಿನ ಒಂದೊಂದು ಹೆಸರು ಕೇಳಬೇಕು. ಜೊತೆಗೆ ಇಲ್ಲದ ಹೆಸರೊಂದನ್ನು ಕೇಳಿ, ಚುರುಕಾಗಿ ‘ಇಲ್ಲ’ ಬರುತ್ತದೆಯೇ, ತಡವರಿಸಿ ಸೋಲುತ್ತದೆಯೇ ನೋಡಬೇಕು. ತಡವರಿಸಿದರೆ ಎಲ್ಲೋ ಸುತ್ತು ಬಿದ್ದಿರಬಹುದು. ಮೊದಲ ಫಾರ್ವರ್ಡರಿನ ವಿಳಾಸವನ್ನು ಫೈರ್‌ವಾಲಿನಲ್ಲಿ ಸ್ವಲ್ಪ ಹೊತ್ತು ಮುಚ್ಚಿ, ಎರಡನೆಯದು ಕೆಲಸ ಹಿಡಿಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಗಡಿಯಾರ ಹಿಡಿದು ನೋಡುವುದು ಒಳ್ಳೆಯದು. ಕೊನೆಗೆ, ಎಲ್ಲರೂ ಊಟಕ್ಕೆ ಎದ್ದ ಹೊತ್ತಿನಲ್ಲಿ ರೌಟರಿನಿಂದ ಹೊರಗಿನ ತಂತಿ ಕಿತ್ತು, ಒಂದು ಕಂಪ್ಯೂಟರನ್ನು ಮರುಚಾಲೂ ಮಾಡಿ, ಲಾಗಿನ್ ಆಗಿ, ಲೆಕ್ಕದ ಕಡತ ತೆರೆದು, ಹೆಸರಿನಿಂದಲೇ ಪ್ರಿಂಟರನ್ನು ಕರೆದು ಒಂದು ಪುಟ ಮುದ್ರಿಸಬೇಕು. ಇಂಟರ್‌ನೆಟ್ ಇಲ್ಲದೆಯೂ ಆ ಪುಟ ಹೊರಬಂದರೆ ಒಳಹೆಸರುಗಳು ಒಳಗೇ ಇವೆ. ತಂತಿಯನ್ನು ಮತ್ತೆ ಸಿಕ್ಕಿಸಬಹುದು.